ಬಾಟಲಿ ಮೇಲಿನ ಹೆಸರು, ಪೀಪಾಯಿ ಹಿಂದಿನ ಕೈ

ಬುಶ್, ಮಿಲ್ಲರ್, ಪ್ಯಾಬ್ಸ್ಟ್, ಶ್ಲಿಟ್ಜ್, ಕೂರ್ಸ್, ಯೂಂಗ್ಲಿಂಗ್. ಅಮೆರಿಕದ ಹಳೇ ಬಿಯರ್ ಕಂಪನಿಗಳ ಹೆಸರನ್ನು ಸಾಲಾಗಿ ಓದಿದರೆ ಯಾವುದೋ ಜರ್ಮನ್ ಊರಿನ ವೋಟರ್ ಲಿಸ್ಟ್ ಓದಿದ ಹಾಗಿರುತ್ತದೆ. ಎಲ್ಲವೂ ಮನೆತನದ ಹೆಸರು. ಎಲ್ಲವೂ ಗಂಡಸರಿಂದ ಬಂದದ್ದು. ಆ ದೇಶದ ಬಿಯರ್ ಇತಿಹಾಸವನ್ನೂ ಸಾಮಾನ್ಯವಾಗಿ ಇದೇ ಹೆಸರುಗಳ ಮೇಲೆ ಕಟ್ಟುತ್ತಾರೆ.

ಆ ಕಥೆ ಹೀಗಿದೆ. ಮೊದಲು ಏಲ್ ಎಂಬ ಇಂಗ್ಲಿಷರ ಬಿಯರ್ ಇತ್ತು. 1840ರ ದಶಕದಲ್ಲಿ ಜರ್ಮನಿಯಿಂದ ಬಂದವರು ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಬಿಯರ್ ತಂದರು. ಮಿಲ್ವಾಕಿ, ಸೇಂಟ್ ಲೂಯಿಸ್, ಸಿನ್ಸಿನಾಟಿಗಳು ಬಿಯರ್ ಊರುಗಳಾದವು. 1873ರಲ್ಲಿ ದೇಶದಲ್ಲಿ 4,131 ಬ್ರೂವರಿಗಳು, ಅಂದರೆ ಬಿಯರ್ ಮಾಡುವ ಜಾಗಗಳು, ಇದ್ದವು. ಆಮೇಲೆ ರೈಲು, ಐಸ್, ಪಾಶ್ಚರೀಕರಣ ಬಂದು ದೊಡ್ಡವರು ಇನ್ನೂ ದೊಡ್ಡವರಾದರು. 1920ರಿಂದ 1933ರವರೆಗೆ ಪಾನನಿಷೇಧ. ಅದು ಮುಗಿದ ಮೇಲೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತಾ ಹೋಗಿ, 1970ರ ದಶಕದ ಕೊನೆಗೆ ನೂರು ಬ್ರೂವರಿಗಳೂ ಉಳಿಯಲಿಲ್ಲ. ಅಷ್ಟು ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದಿಬ್ಬರು ಹಟಮಾರಿಗಳು ಹಳೇ ಡ್ರಮ್ಮುಗಳಲ್ಲಿ ಬಿಯರ್ ಮಾಡೋಕೆ ಶುರುಮಾಡಿದರು, ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ಹುಟ್ಟಿತು. ಈಗ ಬ್ರೂವರಿಗಳ ಸಂಖ್ಯೆ 9 ಸಾವಿರ ದಾಟಿದೆ.

ಈ ಕಥೆಯಲ್ಲಿ ಸುಳ್ಳಿಲ್ಲ. ಆದರೆ ಇದು ಪೂರ್ತಿ ಮಾಲೀಕರ ಕಥೆ. ಕೆಲಸಗಾರರು ಯಾರಿದ್ದರು ಅಂತ ಕೇಳಿದರೆ ಬೇರೆಯದೇ ಜನ ಕಾಣಿಸುತ್ತಾರೆ.

ಈಗ ಇದನ್ನು ಕೆದಕೋಕೆ ಕಾರಣವಿದೆ. ಅಮೆರಿಕದ ಕ್ರಾಫ್ಟ್ ಬಿಯರ್ ಉದ್ಯಮಕ್ಕೆ ಕಷ್ಟಕಾಲ ಬಂದಿದೆ. 2024ರಲ್ಲಿ ಹೊಸದಾಗಿ ತೆರೆದ ಬ್ರೂವರಿಗಳಿಗಿಂತ ಮುಚ್ಚಿದವೇ ಜಾಸ್ತಿ. ಸುಮಾರು ಎರಡು ದಶಕದಲ್ಲಿ ಹೀಗಾಗಿದ್ದು ಮೊದಲ ಸಲ. ಸ್ಯಾನ್ ಫ್ರಾನ್ಸಿಸ್ಕೋದ ಹೆಸರಾಂತ ಆಂಕರ್ ಬ್ರೂವಿಂಗ್ 2023ರಲ್ಲೇ ಬಾಗಿಲು ಹಾಕಿತು. ಇರುವ ಗಿರಾಕಿಗಳು ಸಾಲುತ್ತಿಲ್ಲ. ಹಾಗಾಗಿ, ನಾವು ಇಷ್ಟು ವರ್ಷ ಯಾರನ್ನು ಒಳಗೆ ಕರೆದೇ ಇಲ್ಲ ಎಂಬ ಪ್ರಶ್ನೆ ಎದ್ದಿದೆ. ಸಣ್ಣ ಬ್ರೂವರಿಗಳ ಒಕ್ಕೂಟವಾದ ಬ್ರೂವರ್ಸ್ ಅಸೋಸಿಯೇಷನ್ ಸಮೀಕ್ಷೆ ಮಾಡಿದಾಗಲೆಲ್ಲ ಉತ್ತರ ಹೆಚ್ಚುಕಡಿಮೆ ಒಂದೇ: ಮಾಲೀಕರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನ ಬಿಳಿಯರು. ಕಪ್ಪು ಜನ ನೂರಕ್ಕೆ ಒಬ್ಬರು ಸಿಕ್ಕರೆ ದೊಡ್ಡದು.

ಯಾಕೆ ಹೀಗೆ ಅಂದರೆ ಬಹಳ ಜನ ಕೊಡುವ ಉತ್ತರ ಸುಲಭದ್ದು. ‘ಅವರಿಗೆ ಆ ರುಚಿ ಇಲ್ಲ, ಅವರಲ್ಲಿ ಆ ಸಂಪ್ರದಾಯ ಇಲ್ಲ’. ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಇತಿಹಾಸ ತೆರೆದು ನೋಡಿದರೆ ಇದರಷ್ಟು ತಪ್ಪು ಮಾತು ಇನ್ನೊಂದಿಲ್ಲ.

ವರ್ಜೀನಿಯಾದ ಮಾಂಟಿಚೆಲ್ಲೊದಿಂದ ಶುರುಮಾಡೋಣ. ಅದು ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್‌ನ ತೋಟದ ಮನೆ. ಜೆಫರ್ಸನ್ ಬಿಯರ್ ಪ್ರಿಯ. ಮದುವೆಯಾದ ಹೊಸದರಲ್ಲಿ ಹೆಂಡತಿ ಮಾರ್ಥಾ ಮನೆಯಲ್ಲೇ ಬಿಯರ್ ಮಾಡಿಸುತ್ತಿದ್ದಳು. ಎರಡು ವಾರಕ್ಕೊಮ್ಮೆ 15 ಗ್ಯಾಲನ್, ಅಂದರೆ ಸುಮಾರು 57 ಲೀಟರ್. ಅದು ದಿನಬಳಕೆಯ ತೆಳು ಬಿಯರ್. ಆಕೆ ತೀರಿಕೊಂಡು ದಶಕಗಳಾದ ಮೇಲೆ ಈ ಕೆಲಸ ದೊಡ್ಡ ಮಟ್ಟದಲ್ಲಿ ಮತ್ತೆ ಶುರುವಾಯಿತು. 1812ರ ಯುದ್ಧದಿಂದಾಗಿ ಜೋಸೆಫ್ ಮಿಲ್ಲರ್ ಎಂಬ ಇಂಗ್ಲಿಷ್ ಬ್ರೂವರ್ ವರ್ಜೀನಿಯಾದಲ್ಲೇ ಸಿಕ್ಕಿಬಿದ್ದಿದ್ದ. 1813ರಲ್ಲಿ ಜೆಫರ್ಸನ್ ಆತನನ್ನು ಕರೆಸಿ, ಕೆಲಸ ಕಲಿಯೋಕೆ ಪೀಟರ್ ಹೆಮಿಂಗ್ಸ್‌ನನ್ನು ಕೂರಿಸಿದ.

ಪೀಟರ್ ಹೆಮಿಂಗ್ಸ್ ಜೆಫರ್ಸನ್‌ನ ಗುಲಾಮ. ಜೆಫರ್ಸನ್‌ನಿಂದ ಮಕ್ಕಳನ್ನು ಪಡೆದ ಸ್ಯಾಲಿ ಹೆಮಿಂಗ್ಸ್‌ನ ಅಣ್ಣ. ಇನ್ನೊಬ್ಬ ಅಣ್ಣ ಜೇಮ್ಸ್ ಪ್ಯಾರಿಸ್‌ನಲ್ಲಿ ಅಡುಗೆ ಕಲಿತವನು. ಜೇಮ್ಸ್‌ಗೆ ಬಿಡುಗಡೆ ಕೊಡೋಕೆ ಜೆಫರ್ಸನ್ ಹಾಕಿದ ಷರತ್ತು ವಿಚಿತ್ರ: ನಿನ್ನ ಅಡುಗೆಯನ್ನು ಇನ್ನೊಬ್ಬನಿಗೆ ಕಲಿಸಿ ಆಮೇಲೆ ಹೋಗು. ಹಾಗೆ ಕಲಿತವನು ಪೀಟರ್. 1796ರಲ್ಲಿ ಅಣ್ಣ ಹೊರಟ, ತಮ್ಮ ಅಡುಗೆಮನೆಯಲ್ಲಿ ಉಳಿದ. ಹದಿನೇಳು ವರ್ಷ ಆದಮೇಲೆ ಬಿಯರ್ ಕೆಲಸವೂ ಅವನ ಹೆಗಲಿಗೇ ಬಂತು.

ಇದು ಸುಮ್ನೆ ಕುದಿಸಿ ಇಳಿಸುವ ಕೆಲಸ ಅಂದುಕೊಳ್ಳಬೇಡಿ. ಮೊದಲು ಮಾಲ್ಟ್ ಆಗಬೇಕು. ನಮ್ಮಲ್ಲಿ ರಾಗಿ ಮಾಲ್ಟ್ ಮಾಡುವ ಹಾಗೇನೇ. ಕಾಳು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಇನ್ನೇನು ಉದ್ದವಾಗಬೇಕು ಅನ್ನುವಷ್ಟರಲ್ಲಿ ಒಣಗಿಸಿ ನಿಲ್ಲಿಸಬೇಕು. ಒಂದು ದಿನ ಹೆಚ್ಚುಕಮ್ಮಿ ಆದರೆ ಕೆಟ್ಟಿತು. ಆಮೇಲೆ ಬಿಸಿನೀರಿನಲ್ಲಿ ಹದವಾಗಿ ನೆನೆಸಿ ಸಿಹಿ ಇಳಿಸಬೇಕು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಬೇಕು, ಆರಿಸಬೇಕು, ಹುದುಗಿಸಬೇಕು. ಥರ್ಮಾಮೀಟರ್‌ಗಿಂತ ಕೈಯನ್ನೇ ಜಾಸ್ತಿ ನಂಬಬೇಕಾದ ಕಾಲ ಅದು. ಮಾಂಟಿಚೆಲ್ಲೊದಲ್ಲಿ ಬಾರ್ಲಿ ಬೆಳೆಯುತ್ತಿರಲಿಲ್ಲ. ಗೋಧಿಯಲ್ಲೇ ಇದನ್ನೆಲ್ಲ ಹೊಂದಿಸಬೇಕಿತ್ತು.

1820ರಲ್ಲಿ ಜೆಫರ್ಸನ್ ತನ್ನ ಗೆಳೆಯ, ಇನ್ನೊಬ್ಬ ಮಾಜಿ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ಗೆ ಕಾಗದ ಬರೆದ. ನಿಮ್ಮ ಕಡೆಯಿಂದ ಯಾರನ್ನಾದರೂ ಕಲಿಯೋಕೆ ಕಳಿಸಿ, ನಮ್ಮ ಬ್ರೂವರ್ ಬಲು ಚುರುಕು, ಚೆನ್ನಾಗಿ ಕಲಿಸಬಲ್ಲ ಅಂತ. ಕಾಗದದಲ್ಲಿ ಆ ಬ್ರೂವರ್‌ನ ಹೆಸರಿಲ್ಲ. ಮರುವರ್ಷ ವರ್ಜೀನಿಯಾದ ಮಾಜಿ ಗವರ್ನರ್ ಜೇಮ್ಸ್ ಬಾರ್ಬರ್, ನಿಮ್ಮ ಮನೆಯಲ್ಲಿ ಕುಡಿದಂಥ ಏಲ್ ಎಲ್ಲೂ ಕುಡಿದಿಲ್ಲ, ಮಾಡುವ ವಿಧಾನ ಬರೆದು ಕಳಿಸಿ ಎಂದು ಕೇಳಿದ. ಜೆಫರ್ಸನ್ ಕೊಟ್ಟ ಉತ್ತರ ಅಪ್ಪಟ ಪ್ರಾಮಾಣಿಕ. ನನ್ನ ಹತ್ತಿರ ಅಂಥ ಬರಹ ಯಾವುದೂ ಇಲ್ಲ, ಬರೆದದ್ದನ್ನು ನೋಡಿಕೊಂಡು ಈ ಕೆಲಸ ಮಾಡೋಕೆ ಆಗುತ್ತದೆ ಅಂತ ನನಗನ್ನಿಸುವುದೂ ಇಲ್ಲ ಎಂದ.

ನನಗೆ ಈ ಉತ್ತರ ತುಂಬಾ ಮುಖ್ಯ. ದೇಶದಲ್ಲೇ ಹೆಚ್ಚು ಓದಿದವರಲ್ಲಿ ಒಬ್ಬ, ಏನು ಕಂಡರೂ ಪುಸ್ತಕದಲ್ಲಿ ಬರೆದಿಡುತ್ತಿದ್ದವನು, ಬಿಯರ್ ಮಟ್ಟಿಗೆ ಕೈಚೆಲ್ಲಿದ್ದಾನೆ. ವಿದ್ಯೆ ಇದ್ದದ್ದು ಹೆಮಿಂಗ್ಸ್‌ನ ಕೈಯಲ್ಲಿ. ಹಾಗಿದ್ದೂ ಸುಮಾರು ಎರಡು ಶತಮಾನ ಆ ಬಿಯರ್ ‘ಜೆಫರ್ಸನ್ ಬಿಯರ್’ ಆಗಿಯೇ ಉಳಿಯಿತು.

ಹೆಮಿಂಗ್ಸ್ ವಿಷಯ ಇಷ್ಟಾದರೂ ಗೊತ್ತಾಗೋಕೆ ಕಾರಣ ಆತ ಒಬ್ಬ ಅಧ್ಯಕ್ಷನ ಮನೆಯಲ್ಲಿದ್ದ ಎಂಬುದು. ಉಳಿದವರ ಸುಳಿವು ಸಿಗುವ ಜಾಗಗಳು ಬೇರೆ. ಆಸ್ತಿಪಟ್ಟಿ, ಹರಾಜಿನ ಲೆಕ್ಕ, ಕೋರ್ಟ್ ಕಾಗದ, ‘ಓಡಿಹೋಗಿದ್ದಾಳೆ, ಹಿಡಿದುಕೊಟ್ಟವರಿಗೆ ಬಹುಮಾನ’ ಎಂಬ ಜಾಹೀರಾತು. ಉತ್ತರ ಕೆರೊಲಿನಾದ ಪ್ಯಾಟ್ಸಿ ಯಂಗ್ ನಮಗೆ ಸಿಗುವುದು ಅಂಥದ್ದೇ ಒಂದು ಜಾಹೀರಾತಿನಲ್ಲಿ. ಆಕೆ 1808ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಸುಮಾರು ಹದಿನೈದು ವರ್ಷ ಸ್ವತಂತ್ರಳಾಗಿ ಬದುಕಿದ್ದಳು. ಮತ್ತೆ ಸಿಕ್ಕಿಬಿದ್ದು, 1824ರಲ್ಲಿ ಮತ್ತೆ ಓಡಿಹೋದಳು. ಮಾಲೀಕ ಪತ್ರಿಕೆಯಲ್ಲಿ ಆಕೆಯ ಗುರುತು ಬರೆಸಿದ. ಹೊಲಿಗೆ ಬರುತ್ತದೆ, ನೇಯ್ಗೆ ಬರುತ್ತದೆ, ಕೇಕ್ ಮಾಡುತ್ತಾಳೆ, ಬಿಯರ್ ಮಾಡುತ್ತಾಳೆ, ಮುಖ್ಯವಾಗಿ ಇವುಗಳಿಂದಲೇ ಹೊಟ್ಟೆ ಹೊರೆದುಕೊಂಡಿದ್ದಾಳೆ ಅಂತ.

ಗಮನಿಸಿ. ಹಿಡಿಯೋಕೆ ಅಂತ ಬರೆದ ಗುರುತೇ ಆಕೆ ಬ್ರೂವರ್ ಆಗಿದ್ದಳು ಎಂಬುದಕ್ಕೆ ನಮಗಿರುವ ಸಾಕ್ಷಿ. ಆಕೆಗೆ ಲೈಸೆನ್ಸ್ ಇರಲಿಲ್ಲ, ಅಂಗಡಿಗೆ ಬೋರ್ಡ್ ಇರಲಿಲ್ಲ. ಇದ್ದಿದ್ದರೆ ಮರುದಿನವೇ ಸಿಕ್ಕಿಬೀಳುತ್ತಿದ್ದಳು. ಕಾಣಿಸದೆ ಇರುವುದೇ ಆಕೆಯ ವ್ಯಾಪಾರಕ್ಕೆ ಬಂಡವಾಳ. ಅಂಥವರ ಹೆಸರು ಉದ್ಯಮದ ದಾಖಲೆಯಲ್ಲಿ ಎಲ್ಲಿ ಬರಬೇಕು? ಪ್ಯಾಟ್ಸಿ ಯಂಗ್‌ಳ ಕಥೆಯನ್ನು ಹೊರತೆಗೆದವರು ಇತಿಹಾಸಕಾರ್ತಿ ಥೆರೆಸಾ ಮೆಕಲ್ಲಾ. ಸ್ಮಿತ್ಸೋನಿಯನ್‌ನ ಅಮೆರಿಕನ್ ಇತಿಹಾಸ ಮ್ಯೂಸಿಯಂ 2017ರಲ್ಲಿ ಬಿಯರ್ ಇತಿಹಾಸಕ್ಕೆಂದೇ ಒಬ್ಬ ಕ್ಯುರೇಟರನ್ನು ನೇಮಿಸಿತು. ಆ ಕೆಲಸಕ್ಕೆ ಬಂದವರು ಇವರೇ.

ಇನ್ನೂ ಹಿಂದೆ ಹೋಗಬಹುದು. ನೈಋತ್ಯ ಅಮೆರಿಕದ ಅಪಾಚೆ ಹೆಂಗಸರು ಮೆಕ್ಕೆಜೋಳಕ್ಕೆ ಮೊಳಕೆ ಬರಿಸಿ ಟಿಸ್ವಿನ್ ಎಂಬ ತೆಳು ಬಿಯರ್ ಮಾಡುತ್ತಿದ್ದರು. ಮೊಳಕೆ, ಒಣಗಿಸುವುದು, ಕುದಿಸುವುದು, ಹುದುಗಿಸುವುದು, ಎಲ್ಲವೂ ಇದೆ. ಮಿಲ್ವಾಕಿಯಲ್ಲಿ ಇದನ್ನೇ ಮಾಡಿದರೆ ಅದು ಉದ್ಯಮ. ಅರಿಜೋನಾದ ಅಪಾಚೆ ವಸತಿಯಲ್ಲಿ ಮಾಡಿದರೆ ಅಪರಾಧ, ಸೈನ್ಯ ನಿಷೇಧಿಸಿತ್ತು. 1885ರ ಮೇ ತಿಂಗಳಲ್ಲಿ ಅಪಾಚೆ ಮುಖಂಡರು ನಿಷೇಧವನ್ನು ಧಿಕ್ಕರಿಸಿ ಟಿಸ್ವಿನ್ ಕುಡಿದು, ಬಂದು ಸೇನಾಧಿಕಾರಿಗೇ ಹೇಳಿದರು. ಅದರ ಬೆನ್ನಿಗೇ ಅವರಲ್ಲೊಬ್ಬನಾದ ಜೆರೊನಿಮೊ ತನ್ನವರನ್ನು ಕರೆದುಕೊಂಡು ಅಲ್ಲಿಂದ ತಪ್ಪಿಸಿಕೊಂಡ. ಆ ಪಲಾಯನದ ಮೇಲೆ ರಾಶಿ ಪುಸ್ತಕಗಳಿವೆ. ಅಮೆರಿಕದ ಬಿಯರ್ ಇತಿಹಾಸದಲ್ಲಿ ಟಿಸ್ವಿನ್‌ಗೆ ಹೆಚ್ಚೆಂದರೆ ಒಂದು ಅಡಿಟಿಪ್ಪಣಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಜರ್ಮನ್ ಬ್ರೂವರ್‌ಗಳನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ, ಆದರೆ ಸರಿಯಲ್ಲ. ಅವರೂ ಒಂದು ಕಾಲಕ್ಕೆ ಹೊರಗಿನವರೇ. 1855ರಲ್ಲಿ ಶಿಕಾಗೋ ಮೇಯರ್ ಲೀವೈ ಬೂನ್ ಬಿಯರ್ ಅಂಗಡಿಗಳ ಲೈಸೆನ್ಸ್ ಶುಲ್ಕವನ್ನು 50 ಡಾಲರ್‌ನಿಂದ 300 ಡಾಲರ್‌ಗೆ ಏರಿಸಿ, ಭಾನುವಾರ ಬಾಗಿಲು ಮುಚ್ಚಿಸಿದ. ಗುರಿ ಇದ್ದದ್ದು ಜರ್ಮನ್ ಮತ್ತು ಐರಿಷ್ ವಲಸಿಗರ ಮೇಲೆ. ವಾರವಿಡೀ ದುಡಿಯುವವರಿಗೆ ಇದ್ದದ್ದು ಆ ಒಂದು ಭಾನುವಾರ. ಏಪ್ರಿಲ್ 21ರಂದು ಬೀದಿಯಲ್ಲಿ ಗಲಾಟೆಯಾಗಿ ಒಬ್ಬ ಸತ್ತ. ಅದಕ್ಕೆ ಲಾಗರ್ ಬಿಯರ್ ದಂಗೆ ಅಂತಲೇ ಹೆಸರು. ಮೊದಲ ಮಹಾಯುದ್ಧ ಬಂದಾಗ ಪ್ಯಾಬ್ಸ್ಟ್, ಶ್ಲಿಟ್ಜ್ ಹೆಸರುಗಳನ್ನೇ ದೇಶದ್ರೋಹಿಗಳ ಹೆಸರು ಅಂತ ರಾಜಕಾರಣಿಗಳು ಕೂಗಿದರು. ಪಾನನಿಷೇಧ ಜಾರಿಯಾಗೋಕೆ ಆ ಜರ್ಮನ್ ದ್ವೇಷವೂ ಒಂದು ಕಾರಣ.

ಅವರ ಬ್ರೂವರಿಗಳೊಳಗಿನ ಕೆಲಸಗಾರರ ಪಾಡೂ ಹೊರಗೆ ಬಂದಿಲ್ಲ. ದಿನಕ್ಕೆ 14ರಿಂದ 18 ಗಂಟೆ ಕೆಲಸ, ಮಾಲೀಕ ಗೊತ್ತುಮಾಡಿದ ಕಡೆಯೇ ವಾಸ, ಸಂಬಳದ ಒಂದು ಭಾಗದ ಹಾಗೆ ಬೇಕಾದಷ್ಟು ಬಿಯರ್. 1886ರಲ್ಲಿ ಬಾಲ್ಟಿಮೋರ್‌ನಲ್ಲಿ ಅವರು ರಾಷ್ಟ್ರೀಯ ಸಂಘ ಕಟ್ಟಿದರು. ಬ್ರೂವರ್ ಇರಲಿ, ಗಾಡಿ ಹೊಡೆಯುವವನಿರಲಿ, ಬಾಟಲಿ ತುಂಬುವವನಿರಲಿ, ಎಲ್ಲರನ್ನೂ ಒಂದೇ ಸಂಘಕ್ಕೆ ಸೇರಿಸಿಕೊಂಡ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ಆದರೆ ಈ ‘ಎಲ್ಲರೂ’ ಬಹುತೇಕ ಬಿಳಿಯರು. ಹೊರಗಿನವರಾಗಿ ಬಂದವರು ಒಳಗೆ ಸೇರಿದ ಮೇಲೆ ಬಾಗಿಲು ಹಿಡಿದು ನಿಂತರು.

ಇನ್ನು ಹಾಪ್ಸ್. ಬಳ್ಳಿಯಲ್ಲಿ ಬಿಡುವ ಈ ಹಸಿರು ಹೂವೇ ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವುದು. ಬೆಂಗಳೂರಿನ ಮೈಕ್ರೋಬ್ರೂವರಿಯ ಬೋರ್ಡಿನಲ್ಲಿ ‘ಅಮೆರಿಕನ್ ಐಪಿಎ’ (ಇಂಡಿಯಾ ಪೇಲ್ ಏಲ್) ಅಂತ ಕಂಡರೆ, ಅದಕ್ಕೆ ಆ ಕಿತ್ತಳೆ ಸಿಪ್ಪೆಯ ವಾಸನೆ ಬರುವುದು ಕ್ಯಾಸ್ಕೇಡ್‌ನಂಥ ಅಮೆರಿಕನ್ ತಳಿಯ ಹಾಪ್ಸ್‌ನಿಂದ. ಕ್ರಾಫ್ಟ್ ಬಿಯರ್ ಬಗ್ಗೆ ಬರೆಯುವವರು ತಳಿಯ ಕುಲಗೋತ್ರ ಎಲ್ಲ ಹೇಳುತ್ತಾರೆ. ಕಿತ್ತವರು ಯಾರು ಅಂತ ಹೇಳುವವರು ಕಮ್ಮಿ.

ಯಂತ್ರ ಬರುವ ಮುಂಚೆ ಹಾಪ್ಸನ್ನು ಕೈಯಲ್ಲೇ ಕೀಳಬೇಕಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಮೂರು ನಾಲ್ಕು ವಾರ, ಆ ವಾರಗಳಲ್ಲಿ ಸಾವಿರಾರು ಕೈ. ವಾಷಿಂಗ್ಟನ್ ಸೀಮೆಯ ಹಾಪ್ಸ್ ತೋಟಗಳಿಗೆ ಮೂಲನಿವಾಸಿ ಕುಟುಂಬಗಳು ಕೆನಡಾ ಕರಾವಳಿಯಿಂದ ದೋಣಿಗಳಲ್ಲಿ ಬರುತ್ತಿದ್ದವು. ಚೀನಿಯರೂ ಬರುತ್ತಿದ್ದರು. 1885ರ ಸೆಪ್ಟೆಂಬರ್ 7ರ ರಾತ್ರಿ ಸಿಯಾಟಲ್ ಬಳಿಯ ಸ್ಕ್ವಾಕ್ ಕಣಿವೆಯಲ್ಲಿ ಚೀನೀ ಕೂಲಿಗಳ ಬಿಡಾರದ ಮೇಲೆ ಬಿಳಿಯರು ಮತ್ತು ಮೂಲನಿವಾಸಿಗಳಿದ್ದ ಗುಂಪು ಗುಂಡು ಹಾರಿಸಿತು. ಮೂವರು ಸತ್ತರು. ಆರೋಪಿಗಳು ಖುಲಾಸೆಯಾದರು. ಕಡಿಮೆ ಕೂಲಿಗೆ ಬಂದವರು ಎಂಬುದೇ ಚೀನಿಯರ ಮೇಲಿದ್ದ ಸಿಟ್ಟು. ಆ ಕೂಲಿ ನಿಗದಿ ಮಾಡಿದ ತೋಟದ ಮಾಲೀಕನ ಮೇಲೆ ಯಾರೂ ಗುಂಡು ಹಾರಿಸಲಿಲ್ಲ.

ಕ್ಯಾಲಿಫೋರ್ನಿಯಾದ ವೀಟ್‌ಲ್ಯಾಂಡ್‌ನಲ್ಲಿ 1913ರಲ್ಲಿ ನಡೆದದ್ದು ಇನ್ನೂ ದೊಡ್ಡದು, ಮತ್ತು ಅದರಲ್ಲಿ ನಮ್ಮ ದೇಶದವರೂ ಇದ್ದರು. ರಾಲ್ಫ್ ಡರ್ಸ್ಟ್ ಎಂಬಾತನ ಹಾಪ್ಸ್ ತೋಟ ಅದು. ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಜನ ಬರುವ ಹಾಗೆ ಆತ ಊರೂರಿಗೆ ಜಾಹೀರಾತು ಕೊಟ್ಟಿದ್ದ. ಜನ ಜಾಸ್ತಿಯಾದರೆ ಕೂಲಿ ಇಳಿಯುತ್ತದೆ, ಲೆಕ್ಕ ಸರಳ. ಹೆಂಗಸರು ಮಕ್ಕಳು ಸೇರಿ ಸುಮಾರು 2,800 ಜನ ಬಂದರು. ಇಪ್ಪತ್ತಕ್ಕೂ ಹೆಚ್ಚು ದೇಶಗಳವರು. ಮೆಕ್ಸಿಕನ್ನರು, ಜಪಾನಿಯರು, ಇಟಲಿಯವರು, ಸಿರಿಯಾದವರು, ಪೋರ್ಟೊರಿಕೋದವರು, ಜೊತೆಗೆ ‘ಹಿಂದೂಗಳು’. ಆಗ ಅಲ್ಲಿನ ದಾಖಲೆಗಳಲ್ಲಿ ಭಾರತದಿಂದ ಬಂದ ಎಲ್ಲರೂ ‘ಹಿಂದೂ’. ಕ್ಯಾಲಿಫೋರ್ನಿಯಾದ ಹೊಲಗಳಿಗೆ ಹೋದವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಬ್ರಿಟಿಷರ ವಿರುದ್ಧದ ಗದರ್ ಚಳವಳಿಯ ಪತ್ರಿಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಗಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆ ಚಳವಳಿಗೆ ಕಾಸು ಕೊಟ್ಟವರಲ್ಲಿ ಬಹಳ ಜನ ಇಂಥ ಹೊಲಗಳ ಕೂಲಿಗಳೇ.

ಆ 2,800 ಜನಕ್ಕೆ ಇದ್ದ ಕಕ್ಕಸು ಒಂಬತ್ತು. ಬಿಸಿಲು 40 ಡಿಗ್ರಿ ದಾಟಿತ್ತು. ಬಿಡಾರದ ಬಾವಿಗಳು ಬತ್ತಿದ್ದವು, ತೋಟದಲ್ಲಿ ಕುಡಿಯೋಕೆ ನೀರಿಲ್ಲ. ಡರ್ಸ್ಟ್‌ನ ಸಂಬಂಧಿಯೊಬ್ಬ ಹುಳಿ ಪುಡಿ ಕಲಸಿದ ನಿಂಬೆ ಶರಬತ್ತನ್ನು ಲೋಟಕ್ಕೆ 5 ಸೆಂಟ್‌ನಂತೆ ಮಾರುತ್ತಿದ್ದ. ಕೂಲಿ 100 ಪೌಂಡಿಗೆ, ಅಂದರೆ 45 ಕಿಲೋ ಹಾಪ್ಸ್‌ಗೆ, 90 ಸೆಂಟ್. ಇನ್ನೊಂದು 10 ಸೆಂಟ್ ಸಿಗುತ್ತಿದ್ದದ್ದು ಕೊನೆಯ ದಿನದವರೆಗೂ ಉಳಿದವರಿಗೆ ಮಾತ್ರ. ಮಧ್ಯದಲ್ಲಿ ಸೋತು ಹೋದವರದ್ದು ಡರ್ಸ್ಟ್‌ಗೆ ಉಳಿಯಿತು. ಆಗಸ್ಟ್ 3ರ ಭಾನುವಾರ ಕೂಲಿಗಳ ಸಭೆ ಸೇರಿತ್ತು. ಭಾಷಣ ಹಲವು ಭಾಷೆಗಳಲ್ಲಿ. ಷರೀಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ತನ್ನ ಜನರನ್ನು ಕರೆದುಕೊಂಡು ಮುಖಂಡನನ್ನು ಹಿಡಿಯೋಕೆ ಬಂದ. ಗುಂಪನ್ನು ಹೆದರಿಸೋಣ ಅಂತ ಒಬ್ಬ ಗಾಳಿಯಲ್ಲಿ ಗುಂಡು ಹಾರಿಸಿದ. ಗಲಾಟೆ ಎದ್ದಿತು. ಜಿಲ್ಲಾ ಸರ್ಕಾರಿ ವಕೀಲ, ಒಬ್ಬ ಪೊಲೀಸ್, ಇಬ್ಬರು ಕೂಲಿಗಳು, ಹೀಗೆ ನಾಲ್ವರು ಸತ್ತರು. ಕೂಲಿಗಳ ಇಬ್ಬರು ಮುಖಂಡರಿಗೆ ಜೀವಾವಧಿ ಶಿಕ್ಷೆ. ಅವರು ಗುಂಡು ಹಾರಿಸಿದರು ಅಂತ ಯಾರೂ ಹೇಳಲಿಲ್ಲ. ಜನರನ್ನು ಸೇರಿಸಿದ್ದೇ ತಪ್ಪಾಯಿತು.

ಕಾರ್ಮಿಕ ಚರಿತ್ರೆಯಲ್ಲಿ ವೀಟ್‌ಲ್ಯಾಂಡ್‌ಗೆ ದೊಡ್ಡ ಜಾಗವಿದೆ. ಬಿಯರ್ ಚರಿತ್ರೆಯಲ್ಲಿ ಇಲ್ಲ. ಹಾಪ್ಸ್ ಕೃಷಿಗೆ ಸೇರಿದ್ದು, ಬಿಯರ್ ಕಾರ್ಖಾನೆಗೆ ಸೇರಿದ್ದು ಅಂತ ನಡುವೆ ಒಂದು ಗೆರೆ ಎಳೆದಿದ್ದಾರೆ. ಆ ಗೆರೆಯಿಂದ ಯಾರಿಗೆ ಅನುಕೂಲ ಅಂತ ಬೇರೆ ಹೇಳಬೇಕಾಗಿಲ್ಲ.

ಹೆಂಗಸರ ವಿಷಯ ಬೇರೆ ತರಹ. ವಸಾಹತು ಕಾಲದಲ್ಲಿ ಬಿಯರ್ ಅಂದರೆ ಅಡುಗೆಮನೆ ಕೆಲಸ, ರೊಟ್ಟಿ ಬೇಯಿಸಿದ ಹಾಗೆ. ಮಾರಿ ದುಡ್ಡು ಮಾಡಬಹುದು ಅಂತಾದಾಗ ಅದು ಅಡುಗೆಮನೆಯಿಂದ ಕಾರ್ಖಾನೆಗೆ ಹೋಯಿತು, ಗಂಡಸರ ಕೈಗೆ ಹೋಯಿತು. ಆಮೇಲೆ ಹೆಂಗಸು ಕಾಣಿಸಿಕೊಳ್ಳುವುದು ಕುಡಿತದ ವಿರುದ್ಧ ನಿಂತವಳಾಗಿ. ಬ್ರೂವರಿ ಮಾಲೀಕರಿಗೆ ಇದರಿಂದ ಎಷ್ಟು ಭಯವಿತ್ತೆಂದರೆ, ಹೆಂಗಸರಿಗೆ ಮತದ ಹಕ್ಕು ಸಿಗದಂತೆ ಮಾಡೋಕೆ ಒಳಗೊಳಗೇ ಹಣ ಸುರಿದರು. ಮತ ಸಿಕ್ಕರೆ ಮೊದಲು ನಮ್ಮ ಅಂಗಡಿ ಮುಚ್ಚಿಸುತ್ತಾರೆ ಎಂಬ ಲೆಕ್ಕ. ಕೊನೆಗೆ ಪಾನನಿಷೇಧ ಮೊದಲು ಬಂತು, ಮತದ ಹಕ್ಕು ಆಮೇಲೆ ಬಂತು, ಎರಡೂ 1920ರಲ್ಲೇ.

ತಮಾಷೆಯೆಂದರೆ, ಆ ನಿಷೇಧವನ್ನು ಕಿತ್ತುಹಾಕಿಸಿದ್ದರಲ್ಲೂ ಹೆಂಗಸರ ದೊಡ್ಡ ಪಾಲಿದೆ. 1929ರಲ್ಲಿ ಪಾಲೀನ್ ಸೇಬಿನ್ ಕಟ್ಟಿದ ಮಹಿಳಾ ಸಂಘಟನೆಗೆ ಕೆಲವೇ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಾದರು. ನಿಷೇಧದ ಆ ಹದಿಮೂರು ವರ್ಷ ಬಿಯರ್ ಮತ್ತೆ ಅಡುಗೆಮನೆಗೇ ಬಂದಿತ್ತು. ಕಂಪನಿಗಳು ‘ರೊಟ್ಟಿಗೆ’ ಅಂತ ಮಾಲ್ಟ್ ಸಿರಪ್ ಡಬ್ಬಿ ಮಾರುತ್ತಿದ್ದವು. ಅಷ್ಟೊಂದು ರೊಟ್ಟಿಯನ್ನು ಯಾರು ತಿನ್ನುತ್ತಿದ್ದರೋ! 1933ರಲ್ಲಿ ಬಾಗಿಲು ತೆರೆದಾಗ ಒಳಗೆ ಹೋದವರು ಮತ್ತೆ ಹಳಬರೇ.

ಕ್ರಾಫ್ಟ್ ಬಿಯರ್ ಕಥೆಯಲ್ಲೂ ಹೀಗೇ ಆಗಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಶುರುವಾದ ನ್ಯೂ ಆಲ್ಬಿಯನ್ ಬ್ರೂವರಿಯೇ ಈ ಇಡೀ ಚಳವಳಿಗೆ ಮೂಲ ಅನ್ನುತ್ತಾರೆ. ಸ್ಥಾಪಕ ಯಾರು ಅಂದರೆ ಬರುವ ಹೆಸರು ಜ್ಯಾಕ್ ಮ್ಯಾಕಾಲಿಫ್. ನೌಕಾಪಡೆಯಲ್ಲಿದ್ದವರು, ಕೋಕಾ ಕೋಲಾ ಸಿರಪ್ ಡ್ರಮ್ಮುಗಳನ್ನು ಬೆಸೆದು ಬ್ರೂವರಿ ಕಟ್ಟಿದವರು. ಅಷ್ಟೂ ನಿಜ. ಆದರೆ ಅವರಿಗೆ ಇಬ್ಬರು ಪಾಲುದಾರರಿದ್ದರು: ಸೂಸಿ ಸ್ಟರ್ನ್ ಮತ್ತು ಜೇನ್ ಜಿಮ್ಮರ್‌ಮನ್. ಜೇನ್ ಬೇಗ ಬಿಟ್ಟರು. ಸೂಸಿ ಉಳಿದು ಬಿಯರ್ ಮಾಡಿದರು, ಬಾಟಲಿ ತುಂಬಿದರು. 1982ರಲ್ಲಿ ಕಂಪನಿ ಮುಚ್ಚಿತು. ಮುಂದಿನ ಮೂವತ್ತು ವರ್ಷ ಬಂದ ಬರಹಗಳಲ್ಲಿ ಬಹುತೇಕ ಎಲ್ಲ ಕಡೆ ಮ್ಯಾಕಾಲಿಫ್ ಒಬ್ಬರೇ.

ವಿದ್ಯೆ ಎಲ್ಲರ ಹತ್ತಿರ ಇತ್ತು ಅನ್ನೋಣ. ಹಾಗಾದರೆ ಅಡ್ಡ ಬಂದದ್ದು ಏನು? ಇದಕ್ಕೆ ನನಗೆ ಸಿಕ್ಕ ಸ್ಪಷ್ಟ ಉದಾಹರಣೆ ವಿಸ್ಕಾನ್ಸಿನ್‌ನ ಟೆಡ್ ಮ್ಯಾಕ್. ಅಲಬಾಮಾದಲ್ಲಿ ಹುಟ್ಟಿ, ಮಿಲ್ವಾಕಿಯಲ್ಲಿ ಕೆಲಸ ಮಾಡಿದ ಕಪ್ಪು ವರ್ಣದ ಉದ್ಯಮಿ. ಮಿಲ್ವಾಕಿ ಬ್ರೂವರಿಗಳಲ್ಲಿ 20ನೇ ಶತಮಾನದ ಮಧ್ಯದವರೆಗೂ ಕಪ್ಪು ಜನರಿಗೆ ಕೆಲಸ ಸಿಗುವುದೇ ಕಷ್ಟವಿತ್ತು. ಮ್ಯಾಕ್ ಕೆಲಸವನ್ನಲ್ಲ, ಬ್ರೂವರಿಯನ್ನೇ ಕೊಳ್ಳೋಕೆ ಹೊರಟರು. ಮೊದಲು ಬ್ಲಾಟ್ಜ್ ಕಂಪನಿಗೆ ಕೈಹಾಕಿದರು, ಅದು ಬೇರೆಯವರ ಪಾಲಾಯಿತು. 1970ರಲ್ಲಿ ಆಶ್‌ಕಾಶ್ ಎಂಬ ಊರಿನ ಪೀಪಲ್ಸ್ ಬ್ರೂವಿಂಗ್ ಕಂಪನಿ ಕೊಂಡರು. ಪಾನನಿಷೇಧದ ನಂತರ ಕಪ್ಪು ಜನರ ಒಡೆತನಕ್ಕೆ ಬಂದ ಮೊದಲ ಬ್ರೂವರಿ ಅದು ಅನ್ನುತ್ತಾರೆ.

ಆಶ್‌ಕಾಶ್ ಬಹುತೇಕ ಪೂರ್ತಿ ಬಿಳಿಯರ ಊರು. ಬಿಳಿಯರನ್ನೆಲ್ಲ ಕೆಲಸದಿಂದ ತೆಗೆಯುತ್ತಾರಂತೆ, ಬಿಯರ್ ರುಚಿ ಕೆಟ್ಟಿದೆಯಂತೆ ಎಂಬ ಗಾಳಿಸುದ್ದಿ ಹಬ್ಬಿತು. ತಲೆತಲಾಂತರದಿಂದ ಅದೇ ಬಿಯರ್ ಮಾರುತ್ತಿದ್ದ ಊರಿನ ಅಂಗಡಿಗಳಲ್ಲಿ ಕೆಲವು ಅದನ್ನು ತೆಗೆದುಹಾಕಿದವು. ಬಿಯರ್ ಮಾಡಿದವರು ಅವರೇ, ವಿಧಾನವೂ ಅದೇ, ಬದಲಾದದ್ದು ಮಾಲೀಕನ ಚರ್ಮದ ಬಣ್ಣ. ಸರಿ, ಕಪ್ಪು ಜನ ಜಾಸ್ತಿ ಇರುವ ಬೇರೆ ಊರುಗಳಿಗೆ ಕಳಿಸೋಣ ಅಂದರೆ ಅಲ್ಲಿ ಮಾರೋಕೆ ವಿತರಕರು ಬೇಕು. ಸೈನ್ಯಕ್ಕೆ ಮಾರೋಣ ಅಂತ ಪ್ರಯತ್ನಿಸಿದರೆ ಅದೂ ಕೈಗೂಡಲಿಲ್ಲ. ಎರಡೇ ವರ್ಷಕ್ಕೆ, 1972ರಲ್ಲಿ, ಬ್ರೂವರಿ ಮುಚ್ಚಿತು.

ಇಲ್ಲಿ ಅಮೆರಿಕದ ಮದ್ಯದ ವ್ಯವಸ್ಥೆಯನ್ನು ಸ್ವಲ್ಪ ತಿಳಿದಿರಬೇಕು. 1933ರ ನಂತರ ಬಂದ ಕಾನೂನುಗಳ ಪ್ರಕಾರ, ಬಿಯರ್ ಮಾಡುವವರು ಸಾಮಾನ್ಯವಾಗಿ ಅಂಗಡಿಗೆ ನೇರವಾಗಿ ಮಾರುವ ಹಾಗಿಲ್ಲ. ಮಧ್ಯದಲ್ಲಿ ವಿತರಕ ಇರಲೇಬೇಕು. ಯಾರ ಬಿಯರ್ ಲಾರಿ ಹತ್ತುತ್ತದೆ ಅಂತ ತೀರ್ಮಾನಿಸುವವನು ಅವನು. ದೊಡ್ಡ ಕಂಪನಿಗಳು ಅವನನ್ನು ತಮ್ಮ ಕಡೆ ಇಟ್ಟುಕೊಂಡಿರುತ್ತವೆ. ಸಣ್ಣವರಿಗೆಲ್ಲ ಇದು ಕಷ್ಟವೇ, ಮ್ಯಾಕ್ ಒಬ್ಬರಿಗೆ ಅಲ್ಲ. ಆ ದಶಕದಲ್ಲಿ ಬಿಳಿಯರ ಎಷ್ಟೋ ಸಣ್ಣ ಬ್ರೂವರಿಗಳೂ ಮುಳುಗಿದವು. ಆದರೆ ಅವುಗಳನ್ನು ಅವರವರ ಊರಿನ ಜನ ಬಹಿಷ್ಕರಿಸಿರಲಿಲ್ಲ.

ಇದೇ ಕಾಲದ ಇನ್ನೊಂದು ಮುಖ ನೋಡಿ. ಕಪ್ಪು ಜನರ ಒಡೆತನ ಉದ್ಯಮಕ್ಕೆ ಬೇಕಾಗಿರಲಿಲ್ಲ. ಅವರ ಜೇಬು ಬೇಕಿತ್ತು. ಮಾಲ್ಟ್ ಲಿಕರ್ ಎಂಬ ಜಾಸ್ತಿ ಅಮಲಿನ, ಅಗ್ಗದ ಬಿಯರ್‌ಗಳನ್ನು ಕಪ್ಪು ಜನರ ಬಡಾವಣೆಗಳಲ್ಲೇ ಗುರಿಯಿಟ್ಟು ಮಾರಿದರು. 1991ರಲ್ಲಿ ಹೈಲ್‌ಮನ್ ಕಂಪನಿ ಪವರ್‌ಮಾಸ್ಟರ್ ಎಂಬ ಇನ್ನೂ ಗಟ್ಟಿಯಾದದ್ದನ್ನು ತರೋಕೆ ಹೊರಟಾಗ ಅಷ್ಟೂ ಕಡೆಯಿಂದ ವಿರೋಧ ಬಂದು ಹಿಂತೆಗೆದುಕೊಳ್ಳಬೇಕಾಯಿತು. ಬ್ಲಾಟ್ಜ್ ಮ್ಯಾಕ್ ಕೈತಪ್ಪಿ ಹೋಯಿತು ಅಂದೆನಲ್ಲ, ಅದನ್ನು ಕೊಂಡಿದ್ದವರು ಇದೇ ಹೈಲ್‌ಮನ್.

ಕುಡಿಯುವವರು ತಿರುಗಿಬಿದ್ದ ಕಥೆಯೂ ಉಂಟು. ಕೊಲೊರಾಡೊದ ಕೂರ್ಸ್ ಕಂಪನಿ ಕೆಲಸ ಕೊಡುವುದರಲ್ಲಿ ತಾರತಮ್ಯ ಮಾಡುತ್ತಿದೆ ಅಂತ 1960ರ ದಶಕದಲ್ಲಿ ಮೆಕ್ಸಿಕನ್ ಅಮೆರಿಕನ್ನರು ಬಹಿಷ್ಕಾರ ಶುರುಮಾಡಿದರು. ಆಮೇಲೆ ಕಪ್ಪು ಜನ, ಕಾರ್ಮಿಕ ಸಂಘಗಳು, ಸ್ಯಾನ್ ಫ್ರಾನ್ಸಿಸ್ಕೋದ ಸಲಿಂಗಿಗಳ ಬಾರ್‌ಗಳು ಒಂದೊಂದಾಗಿ ಸೇರಿಕೊಂಡವು. ಕೆಲಸಕ್ಕೆ ಸೇರುವವರನ್ನು ಸುಳ್ಳುಪತ್ತೆ ಯಂತ್ರಕ್ಕೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದದ್ದು ಎಲ್ಲರನ್ನೂ ಕೆರಳಿಸಿತ್ತು. ಲಾರಿ ಚಾಲಕರ ಸಂಘದ ಜೊತೆ ಸಲಿಂಗಿಗಳ ಹಕ್ಕಿನ ಹೋರಾಟಗಾರ ಹಾರ್ವಿ ಮಿಲ್ಕ್ ಕೈಜೋಡಿಸಿದ್ದು ಈ ಹೊತ್ತಿನಲ್ಲೇ. ಕಾರ್ಮಿಕ ಒಕ್ಕೂಟದ ಬಹಿಷ್ಕಾರ ಮುಗಿದದ್ದು 1987ರಲ್ಲಿ. ಇದಾದರೂ ಅಷ್ಟಿಷ್ಟು ದಾಖಲಾಗಿದೆ, ಯಾಕೆಂದರೆ ಇದು ಮಾಲೀಕರ ಗಲ್ಲಾಪೆಟ್ಟಿಗೆಗೆ ತಾಗಿತು.

ಈಗಿನ ಪ್ರಯತ್ನಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2018ರಲ್ಲಿ ಬ್ರೂವರ್ಸ್ ಅಸೋಸಿಯೇಷನ್ ವೈವಿಧ್ಯ ಹೆಚ್ಚಿಸೋಕೆ ಒಬ್ಬ ರಾಯಭಾರಿಯನ್ನು ನೇಮಿಸಿತು. ಕಪ್ಪು ವರ್ಣದ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ 2020ರಲ್ಲಿ ಸ್ಯಾನ್ ಆಂಟೋನಿಯೊದ ಬ್ರೂವರ್ ಮಾರ್ಕಸ್ ಬ್ಯಾಸ್ಕರ್‌ವಿಲ್ ‘ಬ್ಲ್ಯಾಕ್ ಈಸ್ ಬ್ಯೂಟಿಫುಲ್’ ಎಂಬ ಬಿಯರ್‌ನ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಸಾವಿರಕ್ಕೂ ಹೆಚ್ಚು ಬ್ರೂವರಿಗಳು ಅದನ್ನು ಮಾಡಿ, ಬಂದ ಹಣವನ್ನು ದಾನ ಕೊಟ್ಟವು. 2021ರಲ್ಲಿ ಬ್ರಿಯೆನ್ ಅಲನ್ ಎಂಬ ಬ್ರೂವರ್ ಇನ್‌ಸ್ಟಾಗ್ರಾಮ್‌ನಲ್ಲಿ, ಹೆಂಗಸಾಗಿ ಈ ಉದ್ಯಮದಲ್ಲಿ ನಿಮಗೇನಾಯಿತು ಅಂತ ಕೇಳಿದಾಗ ಸಾವಿರಾರು ಜನ ತಮ್ಮ ಕಹಿಯನ್ನು ಬರೆದರು. ಕೆಲವು ದೊಡ್ಡ ಹೆಸರುಗಳು ಕುರ್ಚಿ ಬಿಡಬೇಕಾಯಿತು.

ಇವೆಲ್ಲ ಒಳ್ಳೆಯದೇ. ಆದರೆ ಇವುಗಳಲ್ಲಿ ಹೆಚ್ಚಿನವು ಜನರ ಮನಸ್ಸು ಬದಲಾಯಿಸುವ ಕೆಲಸಗಳು. ಟೆಡ್ ಮ್ಯಾಕ್‌ರನ್ನು ಮುಳುಗಿಸಿದ್ದು ಮನಸ್ಸಿನ ಜೊತೆಗೆ ಲಾರಿಯೂ ಹೌದು. ಒಂದು ಸಣ್ಣ ಬ್ರೂವರಿ ಹಾಕೋಕೆ ಸ್ಟೀಲ್ ಟ್ಯಾಂಕು, ಜಾಗ, ಲೈಸೆನ್ಸ್, ಮೊದಲ ಎರಡು ವರ್ಷದ ನಷ್ಟ ತಡೆಯುವ ದುಡ್ಡು ಬೇಕು. ಆ ದುಡ್ಡು ಸಾಮಾನ್ಯವಾಗಿ ಅಪ್ಪನ ಮನೆ ಅಡವಿಟ್ಟು ಬರುತ್ತದೆ. ಅಪ್ಪನಿಗೆ ಮನೆ ಕೊಳ್ಳೋಕೇ ಬ್ಯಾಂಕ್ ಸಾಲ ಕೊಡದ ಕಾಲವೊಂದಿತ್ತು ಎಂಬುದು ಅಮೆರಿಕದ ಕಪ್ಪು ಕುಟುಂಬಗಳಿಗೆ ಹೇಳಿಕೊಡಬೇಕಾದ ವಿಷಯವೇನಲ್ಲ. ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ 2020ರಲ್ಲಿ ಕಟ್ಟಿದ ಪ್ರತಿಷ್ಠಾನ ಕಪ್ಪು ಮತ್ತು ಇತರ ಹಿಂದುಳಿದ ಸಮುದಾಯದವರಿಗೆ ಬ್ರೂವಿಂಗ್ ಕಲಿಯೋಕೆ ವಿದ್ಯಾರ್ಥಿವೇತನ ಕೊಡುತ್ತದೆ. ಈಗಿರುವ ಪ್ರಯತ್ನಗಳಲ್ಲಿ ನನಗೆ ಹೆಚ್ಚು ಗಟ್ಟಿ ಅನ್ನಿಸುವುದು ಅದು. ಆದರೂ ಅದು ಕಲಿಕೆಗೆ ಕೊಡುವ ಹಣ. ಪೀಟರ್ ಹೆಮಿಂಗ್ಸ್‌ಗೆ ಕಲಿಕೆಯ ಕೊರತೆ ಇರಲಿಲ್ಲ.

1826ರಲ್ಲಿ ಜೆಫರ್ಸನ್ ತೀರಿಕೊಂಡ, ಬೆಟ್ಟದಷ್ಟು ಸಾಲ ಬಿಟ್ಟು. ಮರುವರ್ಷ ಮಾಂಟಿಚೆಲ್ಲೊದ ಸಾಮಾನು, ದನ, ಗುಲಾಮರು ಎಲ್ಲವೂ ಹರಾಜಿಗೆ ಬಂದವು. ಆಗ ಹೆಮಿಂಗ್ಸ್‌ಗೆ ಸುಮಾರು 57 ವರ್ಷ. ಪಟ್ಟಿಯಲ್ಲಿ ಆತನಿಗೆ ಕಟ್ಟಿದ ಬೆಲೆ 100 ಡಾಲರ್. ಸ್ವತಂತ್ರನಾಗಿದ್ದ ಸಂಬಂಧಿ ಡೇನಿಯಲ್ ಫಾರ್ಲಿ 1 ಡಾಲರ್‌ಗೆ ಆತನನ್ನು ಕೊಂಡು ಬಿಡಿಸಿದ. ಅದಾದ ಮೇಲೆ ಪೀಟರ್ ಹೆಮಿಂಗ್ಸ್ ಶಾರ್ಲೆಟ್ಸ್‌ವಿಲ್ ಊರಿನಲ್ಲಿ ಬಟ್ಟೆ ಹೊಲಿದು ಜೀವನ ಮಾಡಿದ.